ಸೆಂಟು ಮಳೆ ಮತ್ತು ದಶಮಾಂಶ ಬಿಂದು: ಒಂದು ಗಣಿತ ತರಬೇತಿಯ ವಿಮರ್ಶೆ

ತರಬೇತಿಯ ಕೊನೆಯ ದಿನ, ಪ್ರಮಾಣಪತ್ರ ಕೈಗೆ ಬರುವ ಮುಂಚೆ ತುಂಬಿಸಿಕೊಳ್ಳುವ ಹಿಮ್ಮಾಹಿತಿ ನಮೂನೆಯಲ್ಲಿ ಯಾರೂ ನಿಜ ಬರೆಯುವುದಿಲ್ಲ. ಬಸ್ಸು ತಪ್ಪೀತೆಂಬ ಆತುರದಲ್ಲಿ ಎಲ್ಲ ಕಾಲಂಗಳಿಗೂ ‘ಅತ್ಯುತ್ತಮ’ ಎಂದು ಗುರುತು ಹಾಕಿ ಎದ್ದು ಬರುವುದು ನಮ್ಮ ವೃತ್ತಿಯ ಹಳೆಯ ರೂಢಿ; ನಾನೂ ಹಾಗೆಯೇ ಮಾಡಿ ಬಂದವನು. ಆದ್ದರಿಂದ ಅಲ್ಲಿ ಕಲಿತದ್ದನ್ನು ಒಂದು ಪೂರ್ತಿ ಶೈಕ್ಷಣಿಕ ವರ್ಷ ತರಗತಿಯಲ್ಲಿ ಬಳಸಿ ನೋಡಿದ ಮೇಲೆ, ಯಾವುದು ಉಳಿಯಿತು, ಯಾವುದು ಉದುರಿತು ಎಂಬುದನ್ನು ಲೆಕ್ಕ ಹಾಕಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಗಿರಿಜನ ಕಾಲೊನಿಗಳ, ಕಾಫಿ ತೋಟದ ಕೂಲಿ ಲೈನುಗಳ ಮತ್ತು ಬಯಲು ಸೀಮೆಯ ತಾಂಡಾಗಳ ಮಕ್ಕಳು ಹೆಚ್ಚಾಗಿರುವ ಸರ್ಕಾರಿ ಶಾಲೆಗಳ ಗಣಿತ ಶಿಕ್ಷಕರಿಗೆಂದು ಸ್ವಯಂಸೇವಾ ಸಂಸ್ಥೆಯೊಂದು ಕಳೆದ ವರ್ಷದ ಬೇಸಿಗೆ ರಜೆಯಲ್ಲಿ ಚಿಕ್ಕಮಗಳೂರಿನಲ್ಲಿ ಏರ್ಪಡಿಸಿದ್ದ ಐದು ದಿನಗಳ ವಸತಿ ತರಬೇತಿ ಇದು. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಮುಂದೆ ಕೆಲವು ದೂರುಗಳಿವೆ. ನನ್ನ ಶಾಲೆ ಕಳಸದ ಕಡೆಯದು. ಮಲೆಕುಡಿಯರ ಮಕ್ಕಳು, ತೋಟಕ್ಕೆ ಕೆಲಸಕ್ಕೆ ಬಂದ ಅಸ್ಸಾಂ ಮತ್ತು ಜಾರ್ಖಂಡ್ ಕುಟುಂಬಗಳ ಮಕ್ಕಳು, ಊರಿನ ಸಣ್ಣ ಹಿಡುವಳಿದಾರರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಹಿರಿಯ ಪ್ರಾಥಮಿಕ ಶಾಲೆ. ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿ ತರಬೇತಿಯಲ್ಲಿ ಪಾಲ್ಗೊಳ್ಳಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಗಂಟೆಗಳನ್ನು ತುಂಬಿಸಲು ಮೊಬೈಲಿನ ಕೋರ್ಸುಗಳು ಬೇಕಾದಷ್ಟಿವೆ. ಆದರೂ ರಜೆಯ ಐದು ದಿನಗಳನ್ನು ಬಿಟ್ಟುಕೊಟ್ಟು ಬಾಳೆಹೊನ್ನೂರಿನ ಮೇಲೆ ಬಸ್ಸು ಹತ್ತಿ ಬಂದದ್ದು ಆಹ್ವಾನ ಪತ್ರದ ಒಂದು ಸಾಲಿನ ಆಸೆಗೆ: ‘ನಿಮ್ಮ ಊರಿನ ಲೆಕ್ಕದಿಂದ ಪಠ್ಯಪುಸ್ತಕದ ಲೆಕ್ಕಕ್ಕೆ’.

ಈ ಮಾತನ್ನು ತರಬೇತಿ ಎಷ್ಟರ ಮಟ್ಟಿಗೆ ಉಳಿಸಿಕೊಂಡಿತು ಎಂಬುದೊಂದೇ ನನ್ನ ಅಳತೆಗೋಲು. ಊರಿನ ಲೆಕ್ಕವನ್ನು ಹೊಗಳಿ ಅಲ್ಲಿಗೇ ನಿಲ್ಲಿಸುವ ತರಬೇತಿಗಳನ್ನು ನೋಡಿದ್ದೇನೆ, ಪಠ್ಯಪುಸ್ತಕದ ಪುಟಗಳನ್ನು ಮತ್ತೊಮ್ಮೆ ಓದಿಸುವ ತರಬೇತಿಗಳನ್ನೂ ನೋಡಿದ್ದೇನೆ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸಾರವನ್ನು, ಅಂದರೆ ಕಾಲುಸಂಕವನ್ನು, ಹಾಕಿಕೊಡುವವರು ಅಪರೂಪ.

ಆ ಸಾರವನ್ನು ನಿಜವಾಗಿ ಹಾಕಿಕೊಟ್ಟದ್ದು ಮೂರನೆಯ ದಿನದ ಬೆಳಗಿನ ಅವಧಿ. ಹಿಂದಿನ ರಾತ್ರಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದಿತ್ತು, ಊರಿನವರೆಲ್ಲ ಖುಷಿಯಲ್ಲಿದ್ದರು. ಸಂಪನ್ಮೂಲ ವ್ಯಕ್ತಿ ಒಳಗೆ ಬಂದವರೇ, ‘ರಾತ್ರಿ ಎಷ್ಟು ಬಂತು?’ ಎಂದು ಕೇಳಿದರು. ಮಲೆನಾಡಿನವರಾದ ನಾವು ಏಳೆಂಟು ಮಂದಿ ಯೋಚಿಸದೆ ಮನೆಗೆ ಫೋನು ಮಾಡಿ ಕೇಳಿದ್ದ ಲೆಕ್ಕವನ್ನು ಒಪ್ಪಿಸಿದೆವು: ಒಬ್ಬರ ಊರಿನಲ್ಲಿ ಎಂಬತ್ತು ಸೆಂಟು, ಇನ್ನೊಬ್ಬರಲ್ಲಿ ಒಂದು ಇಂಚು ಐದು ಸೆಂಟು, ನಮ್ಮಲ್ಲಿ ಒಂದು ಇಂಚು ನಲವತ್ತು. ಬಯಲು ಸೀಮೆಯ ಕಡೂರು ಕಡೆಯ ಶಿಕ್ಷಕರು ಬೆರಗಾಗಿ ನೋಡುತ್ತಿದ್ದರು. ತೋಟಗಾರರು ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಅಳೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ತೋಟದ ಲೆಕ್ಕ ಬರೆಯುವ ಗುಮಾಸ್ತನಿಂದ ಹಿಡಿದು ಲೈನಿನ ಮಗುವಿನವರೆಗೆ ಎಲ್ಲರ ಬಾಯಲ್ಲೂ ಇರುವ ಮಾತು ಇದು. ಸಂಪನ್ಮೂಲ ವ್ಯಕ್ತಿ ನಮ್ಮ ಉತ್ತರಗಳನ್ನು ದಶಮಾಂಶದಲ್ಲಿ ಬರೆಯಲು ಹೇಳಿದಾಗ, ಹೇಳಲು ನಾಚಿಕೆಯಾಗುತ್ತದೆ, ನಮ್ಮಲ್ಲೇ ಇಬ್ಬರು ‘ಒಂದು ಇಂಚು ಐದು ಸೆಂಟು’ ಎಂಬುದನ್ನು 1.5 ಎಂದು ಬರೆದರು.

ಆರನೆಯ ತರಗತಿಯ ಮಕ್ಕಳು ಪ್ರತಿ ವರ್ಷ ಮಾಡುವ ತಪ್ಪೂ ಇದೇ. 1.05, 1.5 ಮತ್ತು 1.50 ಇವುಗಳಲ್ಲಿ ಯಾವುದು ದೊಡ್ಡದೆಂದರೆ ಅರ್ಧ ತರಗತಿ ಬಿಂದುವಿನ ಬಲಕ್ಕಿರುವ ಅಂಕಿಗಳನ್ನು ಎಣಿಸಲು ಹೊರಡುತ್ತದೆ. ನಾವು ಅದನ್ನು ರೂಪಾಯಿ ಪೈಸೆಯಿಂದ ಬಿಡಿಸಲು ನೋಡುತ್ತೇವೆ. ಆದರೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದಲೇ ಚಲಾವಣೆಯಿಂದ ಹೊರಗಿವೆ. ಐದು ಪೈಸೆಯನ್ನು ಕಣ್ಣಿನಲ್ಲಿ ಕಾಣದ ಮಗುವಿಗೆ ಐದು ಪೈಸೆಯ ಉದಾಹರಣೆ ಕೊಡುತ್ತಾ ನಾನು ವರ್ಷಗಳನ್ನು ಕಳೆದಿದ್ದೇನೆ. ಐದು ಸೆಂಟು ಮಳೆ ಎಂದರೆ ಮಣ್ಣಿನ ಮೇಲ್ಪದರವೂ ನೆನೆಯುವುದಿಲ್ಲ, ಐವತ್ತು ಸೆಂಟು ಎಂದರೆ ಚರಂಡಿ ಹರಿಯುತ್ತದೆ ಎಂಬುದು ಅದೇ ಮಗುವಿಗೆ ಚೆನ್ನಾಗಿ ಗೊತ್ತು.

ಅವಧಿ ಅಲ್ಲಿಗೇ ಮುಗಿದಿದ್ದರೆ ಅದೊಂದು ಜಾಣ ಉದಾಹರಣೆ ಮಾತ್ರ ಆಗಿರುತ್ತಿತ್ತು. ಅವರು ಮಳೆಮಾಪಕವನ್ನೇ ಮೇಜಿನ ಮೇಲೆ ಬಿಚ್ಚಿಟ್ಟರು. ಅಗಲ ಬಾಯಿಯ ಡಬ್ಬಿಯಲ್ಲೂ ಸಣ್ಣ ಬಾಯಿಯ ಡಬ್ಬಿಯಲ್ಲೂ, ಗೋಡೆ ನೇರವಾಗಿದ್ದರೆ, ಒಂದೇ ಎತ್ತರದ ನೀರು ನಿಲ್ಲುವುದು ಏಕೆ ಎಂದು ಕೇಳಿ ಅರ್ಧ ಗಂಟೆ ನಮ್ಮನ್ನು ಜಗಳಾಡಲು ಬಿಟ್ಟರು. ಆಮೇಲೆ ಕೊಳವೆಯ ಗುಟ್ಟು ಹೇಳಿದರು: ಆಲಿಕೆಯ ಬಾಯಿಯ ವಿಸ್ತೀರ್ಣ ಒಳಗಿನ ಕೊಳವೆಯ ವಿಸ್ತೀರ್ಣದ ಹತ್ತು ಪಟ್ಟು ಇದ್ದರೆ, ಒಂದು ಇಂಚು ಮಳೆ ಕೊಳವೆಯಲ್ಲಿ ಹತ್ತು ಇಂಚು ಎತ್ತರಕ್ಕೆ ಏರುತ್ತದೆ. ಆಗ ಇಂಚಿನ ನೂರರಲ್ಲೊಂದು ಪಾಲು ಕೊಳವೆಯಲ್ಲಿ ಇಂಚಿನ ಹತ್ತರಲ್ಲೊಂದು ಪಾಲಾಗಿ ಕಣ್ಣಿಗೆ ನಿಲುಕುತ್ತದೆ. ಹತ್ತರಿಂದ ಗುಣಿಸಿದರೆ ಬಿಂದು ಒಂದು ಮನೆ ಬಲಕ್ಕೆ ಸರಿಯುತ್ತದೆಂದು ಇಪ್ಪತ್ತು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಹೇಳುತ್ತಾ ಬಂದಿದ್ದ ನಾನು, ಅದು ನೀರಾಗಿ ಮೇಲೇರಿದ್ದನ್ನು ಅಂದು ನೋಡಿದೆ. ಇದೊಂದು ಬೆಳಗಿಗಾಗಿಯೇ ಐದು ದಿನ ಕೂರಬಹುದು. ನಮ್ಮ ಶಾಲೆಯ ಅಂಗಳದಲ್ಲಿ ಈಗ ಮಳೆಮಾಪಕವಿದೆ. ಜೂನ್‌ನಿಂದ ಆರನೆಯ ತರಗತಿಯವರು ದಿನವೂ ಬರೆದಿಟ್ಟ ಪಟ್ಟಿಯಿಂದಲೇ ದಶಮಾಂಶದ ಸಂಕಲನ, ಸರಾಸರಿ ಮತ್ತು ಸ್ತಂಭಾಲೇಖ ಮೂರನ್ನೂ ಮಾಡಿಸಿದ್ದೇನೆ. ಇಂಚನ್ನು 25.4ರಿಂದ ಗುಣಿಸಿ ಪತ್ರಿಕೆಯ ಮಿಲಿಮೀಟರ್ ಲೆಕ್ಕಕ್ಕೆ ತಾಳೆ ನೋಡುವ ಕೆಲಸವನ್ನು ಏಳನೆಯವರು ವಹಿಸಿಕೊಂಡಿದ್ದಾರೆ.

ಇಷ್ಟೇ ಹುರುಪಿನಿಂದ ಬುಟ್ಟಿಯ ಅವಧಿಯನ್ನು ಹೊಗಳಲಾರೆ. ವಿಷಯ ಒಳ್ಳೆಯದಿತ್ತು. ಬಿದಿರು ಹೆಣೆಯುವ ಹಿರಿಯರೊಬ್ಬರನ್ನು ಕರೆಸಿದ್ದರು. ಒಂದೇ ಎಳೆಯಿಂದ ಸುತ್ತುತ್ತಾ ಹೋಗುವ ಬುಟ್ಟಿಗೆ ನಿಂತ ಕಡ್ಡಿಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ಸಮ ಸಂಖ್ಯೆಯಿದ್ದರೆ ಎರಡನೆಯ ಸುತ್ತಿನಲ್ಲೂ ಎಳೆ ಮೊದಲ ಸುತ್ತಿನ ಹಾದಿಯಲ್ಲೇ, ಅದೇ ಕಡ್ಡಿಯ ಹೊರಗೆ ಮತ್ತು ಅದೇ ಕಡ್ಡಿಯ ಒಳಗೆ ಬಂದು, ಹೆಣಿಗೆ ಕಚ್ಚಿಕೊಳ್ಳುವುದೇ ಇಲ್ಲ. ಆ ಹಿರಿಯರು ಒಂದೂ ಮಾತಾಡದೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಡಿದು ಎಣಿಸಿ, ಜೋಡಿಯಿಲ್ಲದ ಒಂದನ್ನು ಕೊನೆಗೆ ಸೇರಿಸಿದರು. ಸಮ ಮತ್ತು ಬೆಸ ಸಂಖ್ಯೆಗಳ ಪಾಠಕ್ಕೆ ಇದಕ್ಕಿಂತ ಗಟ್ಟಿಯಾದ ಆರಂಭ ಬೇಕಿಲ್ಲ. ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಅವರಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಅದರಲ್ಲಿ ಶಾಲು, ಹಣ್ಣಿನ ಬುಟ್ಟಿ ಮತ್ತು ಫೋಟೋಗಳಿಗೆ ಕಾಲು ಗಂಟೆ ಹೋಯಿತು. ಕೈಯಿಂದ ಬುಟ್ಟಿ ಮಾಡಿದವರಿಗೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಣ್ಣಿಟ್ಟು ಕೊಟ್ಟಿದ್ದನ್ನು ಯಾರೂ ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಿದ್ದರೋ ತಿಳಿಯದು. ನನ್ನ ಪ್ರಶ್ನೆಗಳೆಲ್ಲ ಅವರು ಹೊರಟ ಮೇಲೆ ಹುಟ್ಟಿದವು: ಬುಟ್ಟಿಯ ಬಾಯಿ ಅಗಲವಾಗುತ್ತಾ ಹೋದಂತೆ ಕಡ್ಡಿ ಎಲ್ಲಿ ಸೇರಿಸುತ್ತಾರೆ, ಎಷ್ಟು ಸೇರಿಸುತ್ತಾರೆ, ಬೆಸವನ್ನು ಹೇಗೆ ಉಳಿಸಿಕೊಳ್ಳುತ್ತಾರೆ?

ವಿಪರ್ಯಾಸವೆಂದರೆ, ಹಿಂದಿನ ದಿನವೇ ಇದೇ ವೇದಿಕೆಯಲ್ಲಿ ಅಲಾಸ್ಕಾದ ಮೂಲನಿವಾಸಿಗಳಾದ ಯೂಪಿಕ್ ಜನರ ನಡುವೆ ನಡೆದ ಕೆಲಸವನ್ನು ವಿವರಿಸಿದ್ದರು. ಅಲ್ಲಿ ಶಿಕ್ಷಣ ಸಂಶೋಧಕ ಜೆರ್ರಿ ಲಿಪ್ಕಾ ಮತ್ತು ಅವರ ಸಂಗಡಿಗರು ಊರಿನ ಹಿರಿಯರು, ಯೂಪಿಕ್ ಶಿಕ್ಷಕರು ಮತ್ತು ಗಣಿತ ಬಲ್ಲವರನ್ನು ವರ್ಷಗಟ್ಟಲೆ ಒಟ್ಟಿಗೆ ಕೂರಿಸಿ ಪಾಠಗಳನ್ನು ಕಟ್ಟಿದರು. ಮೀನು ಒಣಗಿಸುವ ಚೌಕಟ್ಟಿನಿಂದ ಸುತ್ತಳತೆ ಮತ್ತು ವಿಸ್ತೀರ್ಣದ ಪಾಠ ಹುಟ್ಟಿತು. ಕೈಕಾಲುಗಳ ಬೆರಳೆಣಿಕೆಯಿಂದ ಬಂದ, ಐದು ಮತ್ತು ಇಪ್ಪತ್ತರ ಗುಂಪುಗಳಲ್ಲಿ ನಡೆಯುವ ಅವರ ಸಂಖ್ಯಾಕ್ರಮವೂ ತರಗತಿಯೊಳಗೆ ಬಂತು. ಹಿರಿಯರು ಅಲ್ಲಿ ಪಾಠ ಕಟ್ಟುವವರ ಸಾಲಿನಲ್ಲಿದ್ದರು, ನಮ್ಮಲ್ಲಿ ಸನ್ಮಾನದ ಕುರ್ಚಿಯಲ್ಲಿದ್ದರು. ಸ್ಲೈಡಿನಲ್ಲಿ ಹೊಗಳಿದ ಪದ್ಧತಿಯನ್ನು ಮರುದಿನವೇ ಮರೆತದ್ದು ಸಂಘಟಕರ ದೊಡ್ಡ ಕೊರತೆ ಎಂದೇ ಬರೆಯುತ್ತೇನೆ.

ಅಳಿಗುಳಿ ಮಣೆ ಬಂದೇ ಬರುತ್ತದೆಂದು ಹೋಗುವ ಮೊದಲೇ ಊಹಿಸಿದ್ದೆ. ಬಂತು. ಹದಿನಾಲ್ಕು ಗುಳಿ, ನಾಲ್ಕು ನಾಲ್ಕರಂತೆ ಐವತ್ತಾರು ಹರಳು. ಆಡಿದೆವು, ಎದ್ದೆವು.

ಎರಡನೆಯ ದಿನದ ಉಪನ್ಯಾಸದ ಬಗ್ಗೆ ಮಿಶ್ರ ಅಭಿಪ್ರಾಯವಿದೆ. ಬ್ರೆಜಿಲ್‌ನ ಗಣಿತಜ್ಞ ಉಬಿರಾಟನ್ ಡಿ’ಆಂಬ್ರೋಸಿಯೊ 1984ರಲ್ಲಿ ಅಡಿಲೇಡ್‌ನಲ್ಲಿ ನಡೆದ ಗಣಿತ ಶಿಕ್ಷಣದ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಜನಾಂಗೀಯ ಗಣಿತದ, ಅಂದರೆ ಪ್ರತಿ ಜನಸಮುದಾಯಕ್ಕೂ ತನ್ನದೇ ಲೆಕ್ಕದ ರೀತಿಗಳಿವೆ ಎಂಬ, ವಿಚಾರವನ್ನು ಮಂಡಿಸಿದ ಕಥೆಯನ್ನು ಒಂದು ಗಂಟೆ ಎಳೆದರು. ಅದು ಹತ್ತು ನಿಮಿಷದ ಮಾತು. ಆದರೆ ಅದರ ಬೆನ್ನಿಗೇ ಬಂದ, ಅದೇ ದೇಶದ ರೆಸಿಫೆ ನಗರದ ಬೀದಿ ವ್ಯಾಪಾರಿ ಮಕ್ಕಳ ಅಧ್ಯಯನ ನನ್ನನ್ನು ಹಿಡಿದು ಕೂರಿಸಿತು. ತೆರೆಸಿನ್ಹಾ ಕ್ಯಾರಹರ್, ಡೇವಿಡ್ ಕ್ಯಾರಹರ್ ಮತ್ತು ಅನಾಲೂಸಿಯಾ ಶ್ಲೀಮನ್ 1985ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಬೀದಿಯಲ್ಲಿ ಸಾಮಾನು ಮಾರುತ್ತಿದ್ದ 9ರಿಂದ 15 ವರ್ಷದ ಐವರು ಮಕ್ಕಳು ತಮ್ಮ ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98.2ರಷ್ಟನ್ನು ಸರಿಯಾಗಿ ಮಾಡಿದರು. ಅದೇ ಬಗೆಯ ಲೆಕ್ಕಗಳನ್ನು ಕೂರಿಸಿ ಕೇಳಿದಾಗ, ಕಥಾರೂಪದವು ಶೇಕಡಾ 73.7 ಸರಿಯಾದವು, ಬರೀ ಅಂಕಿಗಳ ಕ್ರಿಯೆಗಳಾದರೆ ಶೇಕಡಾ 36.8 ಮಾತ್ರ. ಒಂದಕ್ಕೆ 35ರಂತೆ ಹತ್ತು ತೆಂಗಿನಕಾಯಿಗೆ ಎಷ್ಟೆಂದು ಕೇಳಿದರೆ, ಹುಡುಗ ಮೂರರ ಬೆಲೆ 105, ಇನ್ನೂ ಮೂರು ಸೇರಿ 210, ಆಮೇಲೆ 315, ಕೊನೆಗೆ 350 ಎಂದು ಕಟ್ಟುತ್ತಾ ಹೋಗುತ್ತಾನೆ. ಹತ್ತರಿಂದ ಗುಣಿಸಲು ಸೊನ್ನೆ ಹಾಕಬೇಕೆಂಬ ಶಾಲೆಯ ನಿಯಮ ಅವನಿಗೆ ಬೇಕಾಗಲೇ ಇಲ್ಲ.

ಇದನ್ನು ಕೇಳುವಾಗ ನನಗೆ ನಮ್ಮ ಶಾಲೆಯ ಹುಡುಗಿಯೊಬ್ಬಳ ನೆನಪಾಯಿತು. ತಾಯಿ ಕಾಫಿ ಹಣ್ಣು ಕೊಯ್ಯುತ್ತಾರೆ, ಕಿಲೋಗೆ 6 ರೂಪಾಯಿಯಂತೆ 47 ಕಿಲೋಗೆ ಎಷ್ಟು ಬರಬೇಕೆಂದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ‘ಐವತ್ತಕ್ಕೆ ಮುನ್ನೂರು, ಮೂರು ಕಿಲೋದ ಹದಿನೆಂಟು ಬಿಟ್ಟರೆ ಇನ್ನೂರ ಎಂಬತ್ತೆರಡು’ ಎನ್ನುತ್ತಾಳೆ. ಅದೇ 47 × 6 ಅನ್ನು ಕಿರುಪರೀಕ್ಷೆಯ ಹಾಳೆಯಲ್ಲಿ 2442 ಎಂದು ಬರೆದಿದ್ದಳು; ಏಳಾರಲಿ ನಲವತ್ತೆರಡು, ನಾಲ್ಕಾರಲಿ ಇಪ್ಪತ್ತನಾಲ್ಕು, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಬಿಟ್ಟಿದ್ದಳು. ಹಾಗಾದರೆ ಅವಳ ಬಾಯಿಲೆಕ್ಕವನ್ನು ಹಾಳೆಗೆ ತರುವುದು ಹೇಗೆ ಎಂದು ನಾನು ಎದ್ದು ಕೇಳಿದೆ. ‘ಮಕ್ಕಳ ಅನುಭವವನ್ನು ಗೌರವಿಸಬೇಕು’ ಎಂಬ ಉತ್ತರ ಬಂತು. ಗೌರವಿಸುತ್ತೇನೆ ಸ್ವಾಮಿ, ನಾಳೆ ಬೆಳಿಗ್ಗೆ ಕಪ್ಪುಹಲಗೆಯ ಮೇಲೆ ಏನು ಬರೆಯಲಿ ಎಂಬುದು ನನ್ನ ಪ್ರಶ್ನೆಯಾಗಿತ್ತು. ಚಹಾದ ವಿರಾಮದಲ್ಲಿ ತರೀಕೆರೆ ಕಡೆಯ ಶಿಕ್ಷಕಿಯೊಬ್ಬರು ಕಾಗದದ ಹಿಂಬದಿಯಲ್ಲಿ 50 × 6 − 3 × 6 ಎಂದು ಬರೆದು, ‘ಅವಳು ಹೇಳಿದ್ದನ್ನೇ ಬರೆಯಿರಿ, ವಿತರಣಾ ನಿಯಮವೆಂಬ ಹೆಸರನ್ನು ಆಮೇಲೆ ಹೇಳಿದರಾಯಿತು’ ಎಂದರು. ಇಡೀ ಉಪನ್ಯಾಸಕ್ಕಿಂತ ಆ ಒಂದು ಸಾಲು ನನ್ನ ತರಗತಿಯಲ್ಲಿ ಹೆಚ್ಚು ದುಡಿದಿದೆ.

ಜೊತೆಗೆ ಬಂದ ಶಿಕ್ಷಕರೇ ಈ ತರಬೇತಿಯ ನಿಜವಾದ ಬಂಡವಾಳ ಎಂಬುದು ನಾಲ್ಕನೆಯ ದಿನ ಮತ್ತೆ ಸಾಬೀತಾಯಿತು. ಕಡೂರು ಕಡೆಯವರೊಬ್ಬರು ಪಹಣಿಯ ಪ್ರತಿಯೊಂದನ್ನು ತಂದಿದ್ದರು. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ. ರೂಪಾಯಿಯ ಆಣೆ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಾಗಲೇ ಲೆಕ್ಕದಿಂದ ಹೊರಗೆ ಹೋಯಿತು, ಭೂಮಿಯ ಆಣೆ ಇನ್ನೂ ಉಳಿದಿದೆ. ಎಕರೆಗೆ 43,560 ಚದರಡಿಯಾದರೆ ಗುಂಟೆಗೆ 1,089. ಇದು 33ರ ವರ್ಗ; ಅಂದರೆ 66 ಅಡಿಯ ಸರ್ವೆ ಸರಪಳಿಯ ಅರ್ಧದಷ್ಟು ಉದ್ದ, ಅಷ್ಟೇ ಅಗಲದ ಚೌಕ. ಹದಿನಾರೂ ವರ್ಗಸಂಖ್ಯೆಯೇ ಆದ್ದರಿಂದ ಗುಂಟೆಯನ್ನು ನಾಲ್ಕು ಸಾಲು ನಾಲ್ಕು ಮನೆಯಾಗಿ ಕತ್ತರಿಸಿದರೆ ಆಣೆಯೂ ಎಂಟೂಕಾಲು ಅಡಿಯ ಚೌಕವಾಗಿಯೇ ಬರುತ್ತದೆ. ಮಲೆನಾಡಿನವನಾದ ನಾನು ಇದಕ್ಕೆ ಗಿಡದ ಲೆಕ್ಕ ಸೇರಿಸಿದೆ. ಆರಡಿಗೆ ಆರಡಿಯಂತೆ ಅರೇಬಿಕಾ ನೆಟ್ಟರೆ ಎಕರೆಗೆ ಸರಿಯಾಗಿ 1,210 ಗಿಡ, ಹತ್ತಡಿಗೆ ಹತ್ತಡಿಯಂತೆ ರೊಬಸ್ಟಾ ನೆಟ್ಟರೆ 435. ಅಂತರ ದುಪ್ಪಟ್ಟೂ ಆಗದೆ ಗಿಡಗಳ ಸಂಖ್ಯೆ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯುವುದೇಕೆ ಎಂಬುದು ಏಳನೆಯ ತರಗತಿಗೆ ಒಳ್ಳೆಯ ಪ್ರಶ್ನೆ. ಅಂದಿನ ಅವಧಿಯ ಸಂಪನ್ಮೂಲ ವ್ಯಕ್ತಿ ತಮ್ಮ ಸ್ಲೈಡುಗಳನ್ನು ಮುಚ್ಚಿಟ್ಟು ನಮಗೆ ಹಲಗೆಯನ್ನು ಬಿಟ್ಟುಕೊಟ್ಟರು. ಆ ದೊಡ್ಡ ಮನಸ್ಸಿಗೆ ಪೂರ್ಣ ಅಂಕ.

ಭಾಷೆಯ ವಿಷಯಕ್ಕೆ ಅರ್ಧ ದಿನ ಮಾತ್ರ ಇಟ್ಟಿದ್ದು ಕಡಿಮೆಯಾಯಿತು. ಮನೆಯಲ್ಲಿ ತುಳು, ಲಂಬಾಣಿ ಅಥವಾ ಹಿಂದಿ ಆಡುವ ಮಗುವಿಗೆ ನಮ್ಮ ಗಣಿತದ ಕನ್ನಡ ಎಷ್ಟು ಗೋಜಲಾಗಿ ಕೇಳಿಸುತ್ತದೆ ಎಂದು ನಾವು ಯೋಚಿಸುವುದೇ ಇಲ್ಲ. ತೋಟದಲ್ಲಿ ‘ಕಳೆ’ ಎಂದರೆ ಕೀಳಬೇಕಾದ ಹುಲ್ಲು, ಹಲಗೆಯ ಮೇಲೆ ‘ಏಳರಲ್ಲಿ ಮೂರನ್ನು ಕಳೆ’. ‘ಬೆಲೆ’ ಎಂದರೆ ಅಂಗಡಿಯಲ್ಲಿ ಕೊಡುವ ಹಣ, ಪುಸ್ತಕದಲ್ಲಿ ‘ಸ್ಥಾನಬೆಲೆ’. ‘ಗುಣವಾಯಿತು’ ಎಂದರೆ ಜ್ವರ ಬಿಟ್ಟಿತು, ‘ಗುಣಿಸು’ ಎಂದರೆ ಇನ್ನೊಂದು. ಇಂಥ ಪದಗಳ ಪಟ್ಟಿಯನ್ನು ನಾವೇ ಮಾಡಿದೆವು, ಇನ್ನೂರರ ಹತ್ತಿರ ಬಂತು. ಅದನ್ನು ಅಚ್ಚು ಹಾಕಿಸಿ ಎಲ್ಲರಿಗೂ ಕಳುಹಿಸುವುದಾಗಿ ಸಂಘಟಕರು ಹೇಳಿದ್ದರು. ವರ್ಷವಾಯಿತು, ಬಂದಿಲ್ಲ. ಜಾರ್ಖಂಡ್‌ನಿಂದ ಬಂದ ಮಕ್ಕಳಿಗೆ ಹಿಂದಿಯೂ ಎರಡನೆಯ ಭಾಷೆಯೇ ಆಗಿರಬಹುದೆಂಬುದನ್ನು ಚರ್ಚೆಗೆ ತಂದಾಗ ಸಮಯ ಮುಗಿದಿತ್ತು.

ವ್ಯವಸ್ಥೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಊಟ ಚೆನ್ನಾಗಿತ್ತು, ಎರಡು ದಿನ ಅಕ್ಕಿರೊಟ್ಟಿ ಬಿಸಿಯಾಗಿಯೇ ಸಿಕ್ಕಿತು. ಶಿಕ್ಷಕಿಯರ ಕೊಠಡಿಯಲ್ಲಿ ಒಂದು ಕೋಣೆಗೆ ಆರು ಜನರಾದದ್ದು ಸರಿಯಲ್ಲ. ಪ್ರಯಾಣ ಭತ್ಯೆ ಎರಡು ತಿಂಗಳಾದ ಮೇಲೆ ಖಾತೆಗೆ ಬಂತು. ಕೈಪಿಡಿಯನ್ನು ಮುದ್ರಿಸದೆ ಮೊಬೈಲ್ ಕೊಂಡಿಯಾಗಿ ಕೊಟ್ಟದ್ದು ಮಾತ್ರ ವಿಚಿತ್ರ ನಿರ್ಧಾರ. ಸಿಗ್ನಲ್ ಹುಡುಕಲು ಗುಡ್ಡ ಹತ್ತುವ ಶಾಲೆಗಳ ಶಿಕ್ಷಕರಿಗೆಂದೇ ಮಾಡಿದ ತರಬೇತಿಯಿದು.

ಐದು ದಿನಗಳಾದ ಮೇಲೆ ಮೂರು ಬಾರಿ ಶಾಲೆಗೆ ಬಂದು ಜೊತೆಯಲ್ಲಿ ಪಾಠ ಮಾಡುವುದಾಗಿ ಮಾತು ಕೊಟ್ಟಿದ್ದರು. ಬಂದದ್ದು ಒಮ್ಮೆ, ಜುಲೈ ತಿಂಗಳ ಜಡಿಮಳೆಯಲ್ಲಿ. ದಾರಿಯಲ್ಲಿ ಮರ ಬಿದ್ದು ತಡವಾಗಿ, ನಲವತ್ತು ನಿಮಿಷ ಮಾತ್ರ ನಮ್ಮಲ್ಲಿದ್ದರು. ಆ ನಲವತ್ತು ನಿಮಿಷ ಅಮೂಲ್ಯವಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ನಾನು ಮಳೆಯ ಪಟ್ಟಿಯಿಂದ ಸರಾಸರಿ ಮಾಡಿಸುವುದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ, ಮಳೆಯೇ ಬಾರದ ದಿನಗಳನ್ನು ಮಕ್ಕಳು ಪಟ್ಟಿಯಿಂದ ಬಿಟ್ಟುಬಿಟ್ಟಿದ್ದನ್ನು ತೋರಿಸಿಕೊಟ್ಟರು. ಸೊನ್ನೆಯೂ ಒಂದು ಅಳತೆ ಎಂಬುದು ನನಗೇ ಹೊಳೆದಿರಲಿಲ್ಲ. ಇನ್ನೆರಡು ಭೇಟಿಗಳು ನಡೆದಿದ್ದರೆ ಇಂಥ ಇನ್ನೆಷ್ಟು ತಪ್ಪುಗಳು ಸಿಗುತ್ತಿದ್ದವೋ. ಮುಂದಿನ ಸಂಪರ್ಕಕ್ಕೆಂದು ಮಾಡಿದ ವಾಟ್ಸ್‌ಆಪ್ ಗುಂಪು ಮೊದಲ ತಿಂಗಳು ಲೆಕ್ಕಗಳಿಂದ ತುಂಬಿತ್ತು, ಈಗ ಶುಭೋದಯ ಮತ್ತು ಹಬ್ಬದ ಶುಭಾಶಯಗಳಿಗೆ ಮೀಸಲಾಗಿದೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮಳೆಯ ಅವಧಿಗೆ ಮತ್ತು ಸಹಪಾಠಿಗಳಿಗೆ ಮೂರು, ಊಟಕ್ಕೆ ಅರ್ಧ. ಬುಟ್ಟಿಯ ಹಿರಿಯರನ್ನು ಮುಂದಿನ ತಂಡಕ್ಕೆ ಇಡೀ ದಿನ ಕೂರಿಸಿ, ದಿನದ ಸಂಭಾವನೆ ಕೊಟ್ಟು, ಪಾಠ ಕಟ್ಟಲು ಜೊತೆಗೆ ಸೇರಿಸಿಕೊಂಡರೆ ನಾಲ್ಕು ಕೊಡಲು ಸಿದ್ಧ. ಕೈಪಿಡಿ ಮುದ್ರಿಸಿ ಉಳಿದೆರಡು ಭೇಟಿಗಳನ್ನೂ ಮಾಡಿದರೆ ಪೂರ್ತಿ ಐದು.

ಈ ಬೇಸಿಗೆಯಲ್ಲಿ ಮತ್ತೊಂದು ತಂಡ ಕರೆಯುತ್ತಾರಂತೆ. ಒಂದರಿಂದ ಮೂರರವರೆಗಿನ ನಲಿ-ಕಲಿ ತರಗತಿಗಳನ್ನು ಮಾತ್ರ ತೆಗೆದುಕೊಳ್ಳುವವರಿಗೆ ಇದರಲ್ಲಿ ಹೆಚ್ಚು ಸಿಗುವುದಿಲ್ಲ. ನಾಲ್ಕರಿಂದ ಎಂಟರವರೆಗೆ ಗಣಿತ ಮಾಡುವವರು ಹೋಗಬಹುದು. ಹೋಗುವವರು ತಮ್ಮ ಊರಿನ ಪಹಣಿಯ ಒಂದು ಪ್ರತಿಯನ್ನು, ತೋಟದ ಮಳೆ ಪುಸ್ತಕದ ಒಂದು ಹಾಳೆಯ ಫೋಟೋವನ್ನು ಮತ್ತು ಮಕ್ಕಳು ತಪ್ಪು ಮಾಡಿದ ನಾಲ್ಕಾರು ಉತ್ತರ ಪತ್ರಿಕೆಗಳನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಲಿ. ಸ್ಲೈಡುಗಳನ್ನು ಮುಚ್ಚಿಡಬಲ್ಲ ಸಂಪನ್ಮೂಲ ವ್ಯಕ್ತಿ ಸಿಕ್ಕರೆ ಅವು ಬೇಕಾಗುತ್ತವೆ. ಕಳಸದ ಕಡೆಯಿಂದ ಬರುವವರು ಹಿಂದಿನ ದಿನವೇ ಹೊರಡುವುದು ಒಳ್ಳೆಯದು, ಬೆಳಗಿನ ಬಸ್ಸು ಹಿಡಿದರೆ ಮೊದಲ ಅವಧಿ ತಪ್ಪುತ್ತದೆ.